ಬಾಣಸಿಗನಿಲ್ಲದ ಸುಶಿ

ಸುಶಿ ಎಂದೊಡನೆ ಹೊರಗಿನವರ ಕಣ್ಣಿಗೆ ಕಟ್ಟುವುದು ಒಬ್ಬ ಗಂಭೀರ ಮುದುಕ. ಬಿಳಿ ಅಂಗಿ, ಉಜ್ಜಿ ತೊಳೆದ ಮರದ ಕಟ್ಟೆ, ಉದ್ದನೆಯ ಚೂರಿ, ಎದುರಿಗೆ ಮಾತು ತಗ್ಗಿಸಿ ಕುಳಿತ ಗಿರಾಕಿಗಳು. ಟೋಕಿಯೋದ ಗಿಂಝಾದಲ್ಲಿ ನೆಲಮಾಳಿಗೆಯ ಪುಟ್ಟ ಅಂಗಡಿ ನಡೆಸಿ ಹೆಸರಾದ ಜಿರೊ ಓನೊ ಅವರ ಮೇಲೆ 2011ರಲ್ಲಿ ಬಂದ ಸಾಕ್ಷ್ಯಚಿತ್ರ ಈ ಕಲ್ಪನೆಯನ್ನು ಇನ್ನಷ್ಟು ಗಟ್ಟಿ ಮಾಡಿತು. ಅನ್ನ ಹದ ಮಾಡುವುದನ್ನು ಕಲಿಯಲು ವರ್ಷಗಳು, ಮೀನಿಗೆ ಚೂರಿ ಇಡಲು ಮತ್ತಷ್ಟು ವರ್ಷಗಳು. ನೋಡಿದವರಿಗೆ ಇದು ಅಡುಗೆಯಲ್ಲ, ತಪಸ್ಸು ಅನ್ನಿಸಿದರೆ ಅವರದೇನೂ ತಪ್ಪಿಲ್ಲ.

ಜಪಾನಿನ ಮನೆಗಳಲ್ಲಿ ಈ ತಪಸ್ಸಿಗೆ ಕೂರುವವರು ಕಡಿಮೆ. ಅನ್ನದ ಪುಟ್ಟ ಮುದ್ದೆಯ ಮೇಲೆ ಮೀನಿನ ಹೋಳು ಕೂರಿಸುವ ನಿಗಿರಿ ಹುಟ್ಟಿನಿಂದಲೇ ಅಂಗಡಿಯ ತಿಂಡಿ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ, ಟೋಕಿಯೋ ಇನ್ನೂ ಎದೊ ಎನಿಸಿಕೊಂಡಿದ್ದಾಗ, ಅವಸರದ ಊರಿನ ಅವಸರದ ಜನರಿಗೆ ಬೀದಿಬದಿಯಲ್ಲಿ ನಿಂತು ತಿನ್ನಲೆಂದು ರೂಪುಗೊಂಡದ್ದು. ಹಾನಾಯಾ ಯೊಹೇ ಎಂಬ ವ್ಯಾಪಾರಿಯ ಹೆಸರು ಅದಕ್ಕೆ ಅಂಟಿಕೊಂಡಿದೆ. ಇವತ್ತಿಗೂ ನಿಗಿರಿ ಬೇಕೆನಿಸಿದರೆ ಮನೆಯವರು ಹೊರಗೆ ಹೋಗುತ್ತಾರೆ, ಇಲ್ಲವೇ ತರಿಸಿಕೊಳ್ಳುತ್ತಾರೆ. ಮನೆಯಲ್ಲಿ ಮಾಡುವ ಸುಶಿಯ ಜಾತಿಯೇ ಬೇರೆ: ಅಗಲ ತಟ್ಟೆಯಲ್ಲಿ ಅನ್ನ ಹರಡಿ ಮೇಲೆ ಬಣ್ಣಬಣ್ಣದ ಹೋಳು ಉದುರಿಸುವ ಚಿರಾಶಿ, ಕರಿದ ತೋಫುವಿನ ಚೀಲದೊಳಗೆ ಅನ್ನ ತುಂಬುವ ಇನಾರಿ, ಎಲ್ಲಕ್ಕಿಂತ ಹೆಚ್ಚಾಗಿ ನೋರಿ ಎಂಬ ಕಡಲಪಾಚಿಯ ಹಾಳೆಯಲ್ಲಿ ಸುತ್ತುವ ಸುರುಳಿ. ಹೋಟೆಲಿನ ಸುಶಿಯನ್ನು ಅಣಕಿಸುವ ಬಡ ನಕಲು ಎಂದು ಇದನ್ನು ತಿಳಿಯುವುದು ಸರಿಯಲ್ಲ. ಇದಕ್ಕೆ ಇದರದೇ ವಂಶಾವಳಿ, ಇದರದೇ ಚಾತುರ್ಯ ಇದೆ. ನನ್ನ ಮಟ್ಟಿಗಂತೂ ಹೆಚ್ಚು ಕುತೂಹಲದ ಸುಶಿ ಇದೇ.

ಶನಿವಾರ ಸಂಜೆಯ ಒಂದು ಸಾಧಾರಣ ಜಪಾನೀ ಮನೆಯನ್ನು ಊಹಿಸಿಕೊಳ್ಳಿ. ಮಗುವಿನ ಹುಟ್ಟುಹಬ್ಬ ಇರಬಹುದು, ಹಳ್ಳಿಯಿಂದ ಅಜ್ಜ ಅಜ್ಜಿ ಬಂದಿರಬಹುದು, ಸಹೋದ್ಯೋಗಿಗಳ ಕುಟುಂಬ ಕರೆದಿರಬಹುದು. ಮೇಜಿನ ನಡುವೆ ಹುಳಿ ಬೆರೆಸಿದ ಅನ್ನದ ದೊಡ್ಡ ಬೋಗುಣಿ. ಸುತ್ತ ತಟ್ಟೆಗಳಲ್ಲಿ ಬೆರಳುದ್ದಕ್ಕೆ ಸೀಳಿದ ಸೌತೆಕಾಯಿ, ಹಳದಿ ಮೊಟ್ಟೆಯ ಪಟ್ಟಿಗಳು, ಟ್ಯೂನಾ, ಸಾಲ್ಮನ್, ಏಡಿಯ ರುಚಿ ಕಟ್ಟಿದ ಮೀನಿನ ಕಡ್ಡಿ, ಆವಕಾಡೊ, ಘಮಘಮಿಸುವ ಶಿಸೊ ಎಲೆ, ಮಕ್ಕಳಿಗೆಂದು ಮೇಯನೇಸ್ ಕಲಸಿದ ಡಬ್ಬಿ ಮೀನು ಮತ್ತು ಜೋಳದ ಕಾಳು. ಪಕ್ಕದಲ್ಲಿ ಅಂಗೈಯಷ್ಟು ಅಗಲಕ್ಕೆ ಕತ್ತರಿಸಿದ ನೋರಿ ಹಾಳೆಗಳ ಅಟ್ಟಿ. ಒಂದು ಹಾಳೆ ಅಂಗೈ ಮೇಲಿಟ್ಟು, ಸ್ವಲ್ಪ ಅನ್ನ ಹರವಿ, ಬೇಕಾದ್ದನ್ನು ಓರೆಯಾಗಿ ಇಟ್ಟು, ಎರಡು ಅಂಚು ಮಡಿಸಿದರೆ ಮುಗಿಯಿತು. ಸೋಯಾ ಸಾಸಿನಲ್ಲಿ ಅದ್ದುವುದು, ನೋರಿ ಮೆತ್ತಗಾಗುವ ಮೊದಲೇ ಬಾಯಿಗಿಡುವುದು. ಇದು ತೆಮಾಕಿ, ಅಂದರೆ ಕೈಸುರುಳಿ. ಯಾವ ಉಪಕರಣವೂ ಬೇಡ.

ನೋಡಿದರೆ ತಲೆಮಾರುಗಳಿಂದ ಬಂದ ಪದ್ಧತಿ ಎನ್ನಿಸುತ್ತದೆ. ಮನೆಯೂಟವಾಗಿ ಇದಕ್ಕೆ ಅರ್ಧ ಶತಮಾನದ ಆಸುಪಾಸಿನ ವಯಸ್ಸು ಅಷ್ಟೆ. ನೋರಿಯಲ್ಲಿ ಅನ್ನ ಸುತ್ತುವ ಕ್ರಮ ಹಳೆಯದೇ. 1776ರ ಒಂದು ಅಡುಗೆ ಪುಸ್ತಕದಲ್ಲಿ ಚಾಪೆಯ ಮೇಲೆ ನೋರಿ ಹಾಸಿ, ಅನ್ನ ಮೀನು ಇಟ್ಟು ಬಿಗಿಯಾಗಿ ಸುರುಳಿ ಸುತ್ತುವ ವಿಧಾನ ಇದೆ. ಆದರೆ ಮನೆಮಂದಿಯೆಲ್ಲ ಸುತ್ತ ಕೂತು ತಮ್ಮ ತಮ್ಮದನ್ನು ಸುತ್ತಿಕೊಳ್ಳಬೇಕಾದರೆ ಕೆಲವು ಸಾಮಾನು ಮನೆಗೆ ಬರಬೇಕಿತ್ತು. 1955ರ ಕೊನೆಯಲ್ಲಿ ತೋಷಿಬಾ ಕಂಪನಿ ವಿದ್ಯುತ್ ರೈಸ್ ಕುಕ್ಕರನ್ನು ಮಾರುಕಟ್ಟೆಗೆ ಇಳಿಸಿತು. ಒಲೆ ಕಾಯುವ ಕೆಲಸ ತಪ್ಪಿತು. 1963ರಲ್ಲಿ ತಮಾನೋಯ್ ಎಂಬ ವಿನೆಗರ್ ಕಂಪನಿ ಬಿಸಿ ಅನ್ನಕ್ಕೆ ಉದುರಿಸಿ ಕಲಸಿದರೆ ಸಾಕೆನ್ನುವಂಥ ಹುಳಿಪುಡಿ ತಂದಿತು. ಆಮೇಲೆ ಮನೆಮನೆಗೆ ಫ್ರಿಜ್ಜು, ಊರೂರಿಗೆ ಸೂಪರ್ ಮಾರ್ಕೆಟ್ಟು, ಅಲ್ಲಿ ಹಸಿಯಾಗಿ ತಿನ್ನಲೆಂದೇ ಕತ್ತರಿಸಿಟ್ಟ ಮೀನಿನ ತಟ್ಟೆ. ಎಂಬತ್ತರ ದಶಕದಲ್ಲಿ ವಿನೆಗರ್ ಕಂಪನಿಗಳ ಟಿ.ವಿ. ಜಾಹೀರಾತುಗಳು ತೆಮಾಕಿಯನ್ನು ವಾರಾಂತ್ಯದ ಊಟವಾಗಿ ಕೂರಿಸಿಬಿಟ್ಟವು. ಯಂತ್ರ, ಪುಡಿ, ಜಾಹೀರಾತು ಸೇರಿ ಹುಟ್ಟಿಸಿದ ಸಂಪ್ರದಾಯ ಎಂದು ಮೂಗು ಮುರಿಯುವವರು ಮುರಿಯಲಿ. ಸಂಪ್ರದಾಯಗಳು ಬಹುಪಾಲು ಹುಟ್ಟುವುದೇ ಹೀಗೆ.

ಅದು ನೆಲೆ ನಿಂತದ್ದಕ್ಕೆ ಬೇರೆ ಕಾರಣವಿದೆ. ಮನೆಗೆ ಎಂಟು ಜನ ಬಂದರೆ ಅಡುಗೆ ಮಾಡುವಾಕೆ ಅಂದು ಊಟಕ್ಕೆ ಕೂರುವುದು ಕೊನೆಗೆ, ಅದೂ ಎಲ್ಲರೂ ಎದ್ದಮೇಲೆ. ಇದು ನಮಗೂ ಚೆನ್ನಾಗಿ ಗೊತ್ತಿರುವ ಸಂಗತಿ. ತೆಮಾಕಿಯಲ್ಲಿ ಬಡಿಸುವವರೇ ಇಲ್ಲ. ಅನ್ನ ಹದವಾಗಿ, ಹೋಳುಗಳು ತಟ್ಟೆಗೆ ಬಂದರೆ ಅಡುಗೆಮನೆಯ ಕೆಲಸ ತೀರಿತು. ಮಾಡಿದಾಕೆಯೂ ಎಲ್ಲರ ಜೊತೆಗೇ ಮೇಜಿಗೆ ಬರುತ್ತಾಳೆ. ಉಳಿದ ಕೆಲಸ ತಿನ್ನುವವರ ಪಾಲಿಗೆ. ಐದು ವರ್ಷದ ಮಗುವಿನ ಸುರುಳಿ ಒಡೆದು ಅನ್ನ ಮೊಣಕೈವರೆಗೆ ಇಳಿಯುತ್ತದೆ, ಮಾವನವರು ಆಸೆಬಿದ್ದು ಎಲ್ಲವನ್ನೂ ತುರುಕಿ ಮುಚ್ಚಲಾಗದೆ ಒದ್ದಾಡುತ್ತಾರೆ, ಹೊಸ ಸೊಸೆ ಸದ್ದಿಲ್ಲದೆ ನಾಜೂಕಾದ ಶಂಕು ಸುತ್ತಿ ತಿನ್ನುತ್ತಾಳೆ. ಯಾರಿಗೆ ಏನು ಸೇರುತ್ತದೆ, ಯಾರು ಏನನ್ನು ಪಕ್ಕಕ್ಕೆ ಸರಿಸುತ್ತಾರೆ ಎಂಬುದು ಬಾಯಿಬಿಟ್ಟು ಕೇಳದೆಯೇ ಗೊತ್ತಾಗುತ್ತದೆ. ಹೊಸಬರನ್ನು ಕರೆದಾಗ ಜಪಾನೀಯರು ತೆಮಾಕಿಯತ್ತ ವಾಲುವುದಕ್ಕೆ ಇದೂ ಒಂದು ಕಾರಣ ಎಂದು ನನ್ನ ಗುಮಾನಿ. ಕೈಗೆ ಕೆಲಸ ಇದ್ದರೆ ಮಾತಿನ ಬಿಗಿ ಸಡಿಲುತ್ತದೆ.

ಇನ್ನು ಅನ್ನದ ಮಾತು. ಸುಶಿಯನ್ನು ಸುಶಿ ಮಾಡುವುದು ಮೀನಲ್ಲ, ಹುಳಿ ಅನ್ನ. ಮೀನೇ ಇಲ್ಲದ ಸುಶಿ ಬೇಕಾದಷ್ಟಿದೆ. ಹುಳಿ ಅನ್ನವಿಲ್ಲದ ಹಸಿಮೀನು ಸುಶಿ ಅಲ್ಲ, ಸಾಶಿಮಿ. ಅಕ್ಕಿ ಗುಂಡುಕಾಳಿನ ಜಪೋನಿಕಾ ಆಗಿರಬೇಕು. ಪಿಷ್ಟದಲ್ಲಿ ಎರಡು ಬಗೆ: ಅನ್ನವನ್ನು ಬಿಡಿಬಿಡಿಯಾಗಿಸುವ ಅಮೈಲೋಸ್, ಅಂಟಿಸುವ ಅಮೈಲೋಪೆಕ್ಟಿನ್. 1956ರಲ್ಲಿ ನೋಂದಣಿಯಾದ, ಇಂದಿಗೂ ಜಪಾನಿನಲ್ಲಿ ಅತಿ ಹೆಚ್ಚು ಬೆಳೆಯುವ ಕೊಶಿಹಿಕಾರಿ ತಳಿಯಲ್ಲಿ ಅಮೈಲೋಸ್ ಶೇಕಡ 17ರ ಆಸುಪಾಸು. ನಮ್ಮ ಸೋನಾ ಮಸೂರಿಯಲ್ಲಿ ಇದಕ್ಕಿಂತ ಹೆಚ್ಚು. ಬಿಸಿಬೇಳೆ ಬಾತಿಗೂ ಚಿತ್ರಾನ್ನಕ್ಕೂ ಒಗ್ಗುವ ಅದರ ಗುಣವೇ ಸುರುಳಿಯಲ್ಲಿ ಕೈಕೊಡುತ್ತದೆ. ಚೂರಿ ಇಟ್ಟೊಡನೆ ಕಾಳುಗಳು ಉದುರುತ್ತವೆ. ಹೆಚ್ಚು ನೀರು ಹಾಕಿ ಮೆತ್ತಗೆ ಬೇಯಿಸಿದರೆ ಅಂಟುವ ಬದಲು ಗಂಜಿಯಾಗುತ್ತದೆ. ಬಾಸುಮತಿಯ ಸುದ್ದಿಯೇ ಬೇಡ. ಬೆಂಗಳೂರಿನ ದೊಡ್ಡ ಅಂಗಡಿಗಳಲ್ಲಿ ಸುಶಿ ಅಕ್ಕಿ ಎಂದೇ ಮಾರುವ ಗುಂಡು ಅಕ್ಕಿ ಸಿಗುತ್ತದೆ. ಖರ್ಚು ಮಾಡುವುದೇ ಆದರೆ ಅದಕ್ಕೆ ಮಾಡಿ, ಸಾಲ್ಮನ್‌ಗೆ ಅಲ್ಲ.

ನಾಲ್ವರಿಗೆ 450 ಗ್ರಾಂ ಅಕ್ಕಿ ಸಾಕು. ನೀರು ತಿಳಿಯಾಗುವತನಕ ತೊಳೆದು, ಅರ್ಧ ಗಂಟೆಯಾದರೂ ನೆನೆಸಿ, ಅಳತೆಯಲ್ಲಿ ಅಕ್ಕಿಯಷ್ಟೇ ನೀರಿಟ್ಟು ತುಸು ಬಿರುಸಾಗಿ ಬೇಯಿಸಬೇಕು. ಮುಂದೆ ವಿನೆಗರ್ ಕುಡಿಯಲು ಕಾಳಿನಲ್ಲಿ ಜಾಗ ಇರಬೇಕಲ್ಲ. ಬೇಯುವಾಗ ಒಂದು ತುಂಡು ಕೊಂಬು ಎಂಬ ಒಣ ಕಡಲಪಾಚಿ ಹಾಕುವುದುಂಟು. 75 ಮಿ.ಲೀ. ಅಕ್ಕಿಯ ವಿನೆಗರ್, ಮೂರು ದೊಡ್ಡ ಚಮಚ ಸಕ್ಕರೆ, ಒಂದೂವರೆ ಸಣ್ಣ ಚಮಚ ಉಪ್ಪು ಕರಗಿಸಿ, ಅನ್ನ ಕುಕ್ಕರಿನಿಂದ ಇಳಿದು ಹಬೆಯಾಡುತ್ತಿರುವಾಗಲೇ ಸುರಿಯಬೇಕು. ಆರಿದ ಅನ್ನ ಹುಳಿಯನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ, ಮೈಗೆಲ್ಲ ಬಳಿದುಕೊಂಡು ಒದ್ದೆಯಾಗುತ್ತದೆ. ಕಲಸುವುದೆಂದರೆ ಮರದ ಚಪ್ಪಟೆ ಸೌಟನ್ನು ಕತ್ತಿಯಂತೆ ಓರೆ ಹಿಡಿದು ಸೀಳುತ್ತ ಹೋಗುವುದು, ಒತ್ತಿದರೆ ಮುದ್ದೆ. ಹುಳಿ ಹೀರಿದ ಮೇಲೆ ಬೀಸಣಿಗೆ ಬೀಸಬೇಕು. ಹೊರಮೈಯ ನೀರು ಹಾರಿಹೋಗಿ ಕಾಳಿಗೆ ಹೊಳಪು ಬರುತ್ತದೆ. ಮನೆಯಲ್ಲಿ ಮಕ್ಕಳ ಕೈಗೆ ಮೊದಲು ಬರುವ ಕೆಲಸ ಈ ಬೀಸಣಿಗೆಯದೇ. ಸಾಂಪ್ರದಾಯಿಕ ಪಾತ್ರೆ ಸಾವಾರಾ ಮರದ ಅಗಲ ತೊಟ್ಟಿ, ಹೆಚ್ಚಿನ ತೇವವನ್ನು ಅದೇ ಹೀರುತ್ತದೆ. ಇಲ್ಲದವರು ಅಗಲ ಪರಾತ ಬಳಸಿದರೆ ಆಕಾಶ ಕಳಚಿ ಬೀಳುವುದಿಲ್ಲ.

ತಯಾರಾದ ಅನ್ನ ಉಗುರುಬೆಚ್ಚಗೆ, ಮೈಬಿಸಿಯಷ್ಟಿರಬೇಕು. ಒದ್ದೆಬಟ್ಟೆ ಮುಚ್ಚಿ ಹೊರಗೇ ಇಡಬೇಕು, ಫ್ರಿಜ್ಜಿಗಲ್ಲ. ಬೆಂದಾಗ ಬಿಚ್ಚಿಕೊಂಡ ಪಿಷ್ಟದ ಎಳೆಗಳು ತಣ್ಣಗಾದಾಗ ಮತ್ತೆ ಒಗ್ಗೂಡಿ ಗಡಸಾಗುತ್ತವೆ. ಸೊನ್ನೆಯಿಂದ ಐದು ಡಿಗ್ರಿ ಸೆಲ್ಸಿಯಸ್ ಒಳಗೆ ಅದು ಅತಿ ಬೇಗ ನಡೆಯುತ್ತದೆ. ಸಕ್ಕರೆ ಈ ಗಡಸನ್ನು ತಡೆಯುತ್ತದೆ. ವಿನೆಗರಿನ ಆಮ್ಲ ಹೊರಗಿಟ್ಟ ಅನ್ನದಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾ ಹೆಚ್ಚದಂತೆ ನೋಡಿಕೊಳ್ಳುತ್ತದೆ. ಬುತ್ತಿಯಲ್ಲಿ ಕಟ್ಟಿಕೊಂಡು ಹೋದ ಸುರುಳಿ ಮಧ್ಯಾಹ್ನದವರೆಗೂ ಬಾಳುವುದು ಈ ಹುಳಿಯ ದಯೆಯಿಂದ.

ಹುಳಿಯಲ್ಲೂ ಊರಿಗೊಂದು ನಡೆ. ಒಸಾಕಾ ಕಡೆ ಸಿಹಿ ಮುಂದು, ಟೋಕಿಯೋದಲ್ಲಿ ಉಪ್ಪು ಹುಳಿ ಮುಂದು. ಎದೊದ ಸುಶಿ ಗಾಡಿಗಳು ನೆಚ್ಚಿಕೊಂಡಿದ್ದು ಸಾಕೆ ಮದ್ಯದ ಗಸಿಯಿಂದ ತೆಗೆದ ಕೆಂಪು ವಿನೆಗರನ್ನು. ಹಾಂಡಾ ಎಂಬ ಊರಿನ ನಕಾನೊ ಮಾತಾಝಾಯೆಮೊನ್ 1804ರಲ್ಲಿ ಆರಂಭಿಸಿದ ಆ ವ್ಯಾಪಾರವೇ ಇಂದಿನ ಮಿತ್ಸುಕಾನ್ ಕಂಪನಿ. ಶಿಕೊಕು ದ್ವೀಪದ ಕೊಚಿ ಪ್ರಾಂತ್ಯದ ಗುಡ್ಡಗಾಡಿನವರು ಇದಾವುದರ ಗೊಡವೆಗೂ ಹೋಗಲಿಲ್ಲ. ಯುಝು ಎಂಬ ನಿಂಬೆ ಜಾತಿಯ ಹಣ್ಣಿನ ರಸವನ್ನೇ ಅನ್ನಕ್ಕೆ ಹಿಂಡಿ, ಮೇಲೆ ಶಿಟಾಕೆ ಅಣಬೆ, ಕಳಲೆ, ಶುಂಠಿ ಜಾತಿಯ ಮ್ಯೋಗಾ ಮೊಗ್ಗು ಕೂರಿಸಿ ಹಳ್ಳಿ ಸುಶಿ ಮಾಡುತ್ತಾರೆ. ಮೀನಿನ ಹಂಗಿಲ್ಲ. ಹೀಗಿರುವಾಗ ಬೆಂಗಳೂರಿನಲ್ಲೋ ಧಾರವಾಡದಲ್ಲೋ ಒಬ್ಬರು ಅಕ್ಕಿಯ ವಿನೆಗರ್ ಸಿಗದೆ ನಿಂಬೆರಸಕ್ಕೆ ಕೈಹಾಕಿದರೆ ಅದು ಅಪಚಾರವಲ್ಲ. ಅಪಚಾರವಾಗುವುದು ಅಗ್ಗದ ಸಿಂಥೆಟಿಕ್ ವಿನೆಗರ್ ಸುರಿದಾಗ. ಜಪಾನಿನ ಅಕ್ಕಿ ವಿನೆಗರಿನ ಆಮ್ಲ ಶೇಕಡ 4.5ರಷ್ಟು, ಜೊತೆಗೆ ಧಾನ್ಯದ ಸೌಮ್ಯ ಸಿಹಿ. ಸಿಂಥೆಟಿಕ್‌ನಲ್ಲಿ ಗಂಟಲು ಕೆರೆಯುವ ಘಾಟು ಬಿಟ್ಟು ಬೇರೇನಿಲ್ಲ.

ಸುರುಳಿಯ ಇನ್ನೊಂದು ಕಾಲು ನೋರಿ. ಕಡಲಪಾಚಿಯನ್ನು ಸಣ್ಣಗೆ ಕೊಚ್ಚಿ, ನೀರಿನಲ್ಲಿ ಕದಡಿ, ಜರಡಿಯಂಥ ಚೌಕಟ್ಟಿಗೆ ಎರೆದು ಒಣಗಿಸುವ ಕ್ರಮ ಎದೊದ ಆಸಾಕುಸಾದ ಸುತ್ತ ಬೆಳೆದದ್ದು. ಕೈಕಾಗದ ಮಾಡುವ ವಿದ್ಯೆಯನ್ನೇ ಪಾಚಿಗೆ ಒಗ್ಗಿಸಿದ್ದು. ಇಂದು ಪೂರ್ತಿ ಹಾಳೆಯ ಅಳತೆ 21 ಸೆಂ.ಮೀ. ಉದ್ದ, 19 ಸೆಂ.ಮೀ. ಅಗಲ, ತೂಕ ಬರೀ ಮೂರು ಗ್ರಾಂ. ಒಂದು ಮೈ ನುಣುಪು, ಇನ್ನೊಂದು ಒರಟು. ಒರಟು ಮೈಗೆ ಅನ್ನ, ನುಣುಪು ಹೊರಗೆ. ಹಪ್ಪಳದ ಗುಣವೇ ಇದಕ್ಕೂ: ಬೆಂಕಿಯ ಮೇಲೆ ಎರಡು ಸಲ ಆಡಿಸಿದರೆ ಗರಿಗರಿ, ಗಾಳಿಯ ತೇವ ತಾಗಿದರೆ ತೊಗಲು. ಮಳೆಗಾಲದಲ್ಲಿ ಪೊಟ್ಟಣ ಒಡೆದಿಟ್ಟು ಆಮೇಲೆ ಸುತ್ತೋಣವೆಂದರೆ ಆಗುವ ಮಾತಲ್ಲ.

ಈ ಹಾಳೆ ಇಂದು ಮನೆಮನೆಗೆ ಸಿಗುತ್ತಿರುವುದರ ಹಿಂದೆ ಜಪಾನನ್ನು ಎಂದೂ ಕಾಣದ ಒಬ್ಬ ಹೆಂಗಸಿದ್ದಾಳೆ. ನೋರಿ ಕೃಷಿ ಶತಮಾನಗಳ ಕಾಲ ನಡೆದದ್ದು ಜೂಜಿನಂತೆ. ಶರತ್ಕಾಲದಲ್ಲಿ ಆಳವಿಲ್ಲದ ಕಡಲಿನಲ್ಲಿ ಬಿದಿರಿನ ಕೊಂಬೆ ನೆಟ್ಟು ಕಾಯುವುದು. ಪಾಚಿ ಬಂದು ಹತ್ತಿದರೆ ಸರಿ, ಇಲ್ಲದಿದ್ದರೆ ಆ ವರ್ಷ ಉಪವಾಸ. ಅದೃಷ್ಟದ ಹುಲ್ಲು ಎಂದೇ ಅದಕ್ಕೆ ಹೆಸರು. ಬೇಸಿಗೆಯಲ್ಲಿ ಮಾಯವಾಗುವ ಪಾಚಿಯ ಬೀಜ ಎಲ್ಲಿ ಅಡಗುತ್ತದೆ ಎಂಬುದೇ ಯಾರಿಗೂ ತಿಳಿದಿರಲಿಲ್ಲ. ಎರಡನೆಯ ಮಹಾಯುದ್ಧದ ನಂತರದ ವರ್ಷಗಳಲ್ಲಿ ಬೆಳೆ ನೆಲಕಚ್ಚಿತು. ಆಗ ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ ಕ್ಯಾಥ್ಲೀನ್ ಡ್ರೂ-ಬೇಕರ್ ತಮ್ಮ ಕಡಲತೀರದಲ್ಲಿ ಸಿಗುವ ನೋರಿಯ ಬಂಧುವನ್ನು ಗಾಜಿನ ತೊಟ್ಟಿಯಲ್ಲಿ ಬೆಳೆಸಿ ನೋಡುತ್ತಿದ್ದರು. ಮದುವೆಯಾದ ಹೆಣ್ಣಿಗೆ ಉಪನ್ಯಾಸಕಿಯ ಕೆಲಸ ಕೊಡಲಾಗದು ಎಂದು ವಿಶ್ವವಿದ್ಯಾಲಯ ಹುದ್ದೆ ಕಿತ್ತುಕೊಂಡಿತ್ತು. ಸಂಬಳವಿಲ್ಲದ ಸಂಶೋಧಕಿಯಾಗಿ ಮುಂದುವರಿದಿದ್ದರು. ಚಿಪ್ಪುಗಳೊಳಗೆ ಕೊರೆದುಕೊಂಡು ಬದುಕುವ ನಸುಗೆಂಪು ನೂಲಿನಂಥ ಇನ್ನೊಂದು ಪಾಚಿ ಬೇರೆ ಜೀವಿಯೇ ಅಲ್ಲ, ಇದೇ ಪಾಚಿಯ ಬೇಸಿಗೆಯ ವೇಷ ಎಂದು ಅವರು ಕಂಡುಕೊಂಡರು. 1949ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದದ್ದು ಒಂದು ಚಿಕ್ಕ ಬರಹ.

ಅದು ಕ್ಯೂಶೂ ವಿಶ್ವವಿದ್ಯಾಲಯದ ಸೊಕಿಚಿ ಸೆಗಾವಾ ಅವರ ಕೈ ತಲುಪಿತು. ನೋರಿಗೂ ಇದೇ ಲೆಕ್ಕ ಎಂದು ತಿಳಿದ ಮೇಲೆ ಸಿಂಪಿ ಚಿಪ್ಪಿನ ಮೇಲೆ ತೊಟ್ಟಿಯಲ್ಲೇ ಬೀಜ ಬೆಳೆಸಿ, ಬಲೆಗೆ ಹತ್ತಿಸಿ, ಚಳಿಗಾಲಕ್ಕೆ ಕಡಲಿಗಿಳಿಸುವ ಪದ್ಧತಿ ಕೆಲವೇ ವರ್ಷಗಳಲ್ಲಿ ಹಬ್ಬಿತು. ಡ್ರೂ-ಬೇಕರ್ 1957ರಲ್ಲಿ ತೀರಿಕೊಂಡರು. ಅವರ ಬರಹ ಎಷ್ಟು ಮನೆಗಳ ಒಲೆ ಹೊತ್ತಿಸಿತೆಂದು ಅವರಿಗೆ ತಿಳಿದಿತ್ತೋ ಇಲ್ಲವೋ. ಆರಿಯಾಕೆ ಕಡಲನ್ನು ನೋಡುವ ಉತೊ ಎಂಬ ಊರಿನಲ್ಲಿ, ಸುಮಿಯೊಶಿ ದೇವಸ್ಥಾನದ ಬಳಿ, 1963ರಲ್ಲಿ ನೋರಿ ಬೆಳೆಗಾರರು ಅವರ ಸ್ಮಾರಕ ಕಟ್ಟಿದರು; ಪ್ರತಿ ಏಪ್ರಿಲ್ 14ರಂದು ಕಡಲ ತಾಯಿ ಎಂದು ಪೂಜೆ ಸಲ್ಲಿಸುತ್ತಾರೆ. ವಿಜ್ಞಾನಿಗೆ ದೇವಸ್ಥಾನದ ಅಂಗಳದಲ್ಲಿ ಸಲ್ಲುವ ಈ ಗೌರವ ನನಗೆ ನೊಬೆಲ್‌ಗಿಂತ ಹೆಚ್ಚು ಅಸೂಯೆ ಹುಟ್ಟಿಸುತ್ತದೆ. ಹಾಗಂತ ಜೂಜು ಪೂರ್ತಿ ತೀರಿಲ್ಲ. 2022ರ ಚಳಿಗಾಲದಲ್ಲಿ ಅದೇ ಆರಿಯಾಕೆ ಕಡಲಿನಲ್ಲಿ ಪೋಷಕಾಂಶ ಸಾಲದೆ ಬೆಳೆ ಬಣ್ಣಗೆಟ್ಟು ಕೈಕೊಟ್ಟಿತು, ನೋರಿ ತುಟ್ಟಿಯಾಯಿತು.

ಒಳಗೆ ತುಂಬುವುದರ ವಿಷಯದಲ್ಲಿ ನಿಯಮವೆಂದು ಹೇಳಬೇಕಾದ್ದು ಒಂದೇ, ಅದು ಹಸಿ ಮೀನಿನದು. ಕಡಲ ಮೀನಿನಲ್ಲಿ ಅನಿಸಾಕಿಸ್ ಎಂಬ ಹುಳು ಇರಬಹುದು. ವಿನೆಗರಿಗೂ ವಸಾಬಿಯ ಖಾರಕ್ಕೂ ಅದು ಜಗ್ಗುವುದಿಲ್ಲ. ಮೈನಸ್ 20 ಡಿಗ್ರಿಯಲ್ಲಿ 24 ಗಂಟೆಗೂ ಹೆಚ್ಚು ಹೆಪ್ಪುಗಟ್ಟಿಸಿ ಎನ್ನುತ್ತದೆ ಜಪಾನಿನ ಆರೋಗ್ಯ ಇಲಾಖೆ, ಅಮೆರಿಕದವರು ಏಳು ದಿನ ಎನ್ನುತ್ತಾರೆ. ನಮ್ಮ ಮೀನು ಮಾರುಕಟ್ಟೆಯ ಅಂಜಲ್ ಎಷ್ಟೇ ತಾಜಾ ಇರಲಿ, ಬೇಯಿಸಿ ತಿನ್ನಲೆಂದು ತಂದದ್ದನ್ನು ಹಸಿಯಾಗಿ ತಿನ್ನುವ ಸಾಹಸ ಬೇಡ. ಹೊಳೆ ಕೆರೆಯ ಮೀನನ್ನಂತೂ ಮುಟ್ಟಲೇಬಾರದು. ಬೇಯಿಸಿದ ಸೀಗಡಿ, ಡಬ್ಬಿಯ ಟ್ಯೂನಾ ಧಾರಾಳ ಸಾಕು, ಜಪಾನಿನ ಮಕ್ಕಳೂ ಅದನ್ನೇ ಕೇಳುವುದು. ಅಂದಹಾಗೆ, ಸುಶಿಯೆಂದರೆ ಸಾಲ್ಮನ್ ಎಂಬಂತಾಗಿರುವ ಆ ಕೇಸರಿ ಹೋಳೂ ಹೊಸದೇ. ಅಲ್ಲಿನ ಸಾಲ್ಮನ್‌ನಲ್ಲಿ ಹುಳುವಿನ ಭಯವಿದ್ದುದರಿಂದ ಹಿಂದಿನವರು ಸುಟ್ಟೇ ತಿನ್ನುತ್ತಿದ್ದರು. ಎಂಬತ್ತರ ದಶಕದ ಮಧ್ಯದಲ್ಲಿ, ಸಾಕಿದ ಮೀನು ಮಾರಲು ಹೊರಟ ನಾರ್ವೆ ದೇಶ ಪಟ್ಟುಹಿಡಿದು ಜಪಾನೀಯರಿಗೆ ಹಸಿ ಸಾಲ್ಮನ್ ರೂಢಿ ಮಾಡಿಸಿತು.

ಹಳೆಯ ಸುರುಳಿಯೊಳಗಿನ ಹೂರಣ ಯಾವುದು ಗೊತ್ತೇ? ಸೋರೆಕಾಯಿ. ಗುಂಡು ಸೋರೆಯನ್ನು ರಿಬ್ಬನ್ನಿನಂತೆ ಉದ್ದುದ್ದ ಸೀಳಿ ಬಿಸಿಲಿಗೆ ಒಣಗಿಸಿದರೆ ಕಾಂಪ್ಯೋ. ಉಪ್ಪು ಹಚ್ಚಿ ತೊಳೆದು, ನೀರಲ್ಲಿ ಮೆತ್ತಗಾಗಿಸಿ, ಸೋಯಾ ಸಾಸು ಸಕ್ಕರೆಯಲ್ಲಿ ಕುದಿಸಿದರೆ ಕಂದು ಬಣ್ಣಕ್ಕೆ ತಿರುಗಿ ಸಿಹಿಯುಪ್ಪಿನ ರಸ ಕುಡಿಯುತ್ತದೆ. ಟೋಕಿಯೋದ ಹಳಬರಿಗೆ ನೋರಿ ಸುರುಳಿ ಎಂದರೆ ಕಾಂಪ್ಯೋ ಸುರುಳಿಯೇ. ಬೇರೆ ಸಣ್ಣ ಸುರುಳಿಗಳನ್ನು ಆರು ತುಂಡು ಮಾಡಿದರೆ ಇದನ್ನು ಮಾತ್ರ ನಾಲ್ಕು. ಜಪಾನಿನಲ್ಲಿ ಬೆಳೆಯುವ ಕಾಂಪ್ಯೋ ಹೆಚ್ಚುಕಡಿಮೆ ಎಲ್ಲವೂ ಬರುವುದು ಟೋಕಿಯೋದ ಉತ್ತರದ ತೊಚಿಗಿ ಪ್ರಾಂತ್ಯದಿಂದ. 1712ರಲ್ಲಿ ಅಲ್ಲಿಗೆ ವರ್ಗವಾಗಿ ಬಂದ ಪಾಳೆಯಗಾರನೊಬ್ಬ ತನ್ನ ಹಳೆಯ ಸೀಮೆಯಿಂದ ಬೀಜ ತರಿಸಿ ಬಿತ್ತಿಸಿದ ಎನ್ನುತ್ತಾರೆ. ನಮ್ಮ ಹಿತ್ತಲಿನಲ್ಲಿ ಹಬ್ಬುವ ಬಳ್ಳಿಯ ಜಾತಿಯೇ ಅದು. ಪಲ್ಯಕ್ಕೂ ಸಾರಿಗೂ ಮುಗಿಯದ ಸೋರೆಕಾಯಿ ಮೂಲೆಯಲ್ಲಿ ಬಿದ್ದಿರುವ ಮನೆಯವರು ಬೇಸಿಗೆಯ ಬಿಸಿಲಿನಲ್ಲಿ ಪರೀಕ್ಷೆ ಮಾಡಿ ನೋಡಬಹುದು.

ಟೋಕಿಯೋದ ಪೂರ್ವದಂಚಿನ ನಿಶಿ ಕಸಾಯ್ ಭಾರತೀಯರು ದಟ್ಟವಾಗಿ ನೆಲೆಸಿರುವ ಬಡಾವಣೆ. 2000ದ ಆಸುಪಾಸಿನಲ್ಲಿ ಸಾಫ್ಟ್‌ವೇರ್ ಕೆಲಸಕ್ಕೆಂದು ಬಂದವರಿಂದ ಬೆಳೆದದ್ದು. ಅವರಲ್ಲಿ ಕನ್ನಡಿಗರೂ ಇದ್ದಾರೆ. ಸಸ್ಯಾಹಾರಿಗೆ ಜಪಾನೀ ಆತಿಥ್ಯವೆಂದರೆ ಬಹುತೇಕ ಸಂಕಟ. ಒಣಮೀನಿನ ಕಟ್ಟು, ಅಂದರೆ ದಾಶಿ, ಎಲ್ಲಿ ಇಲ್ಲ ಎನ್ನುವಂತಿಲ್ಲ. ತೆಮಾಕಿ ಈ ಸಂಕಟವನ್ನು ಅರ್ಧ ಬಗೆಹರಿಸುತ್ತದೆ. ಮೇಜಿನ ಮೇಲಿರುವುದರಲ್ಲಿ ಸೌತೆ, ಆವಕಾಡೊ, ಶಿಸೊ, ಉಪ್ಪಿನಲ್ಲಿಟ್ಟ ಉಮೆ ಹಣ್ಣು, ಧೈರ್ಯವಿದ್ದರೆ ಹುದುಗಿಸಿದ ಸೋಯಾ ಕಾಳಿನ ನಾತ್ತೊ ಆರಿಸಿಕೊಂಡರೆ ಯಾರಿಗೂ ಮುಜುಗರವಿಲ್ಲ. ಉಳಿದರ್ಧಕ್ಕೆ ಕಣ್ಣು ತೆರೆದಿರಬೇಕು. ಮೊಟ್ಟೆಯ ಪಟ್ಟಿ, ಇನಾರಿಯ ತೋಫು ಚೀಲ, ಅಂಗಡಿಯಿಂದ ತಂದ ಕಾಂಪ್ಯೋ ಮೂರರಲ್ಲೂ ಸಾಮಾನ್ಯವಾಗಿ ಮೀನಿನ ಕಟ್ಟು ಇರುತ್ತದೆ. ಸುಶಿಗೆ ಉದುರಿಸುವ ಗುಲಾಬಿ ಬಣ್ಣದ ಸಿಹಿಪುಡಿ ಸಕ್ಕರೆಯಲ್ಲ, ಮೀನಿನದು. ನೋರಿಯಲ್ಲೂ ಮಸಾಲೆ ಸವರಿದ್ದರಲ್ಲಿ ಸೀಗಡಿಯ ಸಾರ ಸೇರಿರಬಹುದು, ಬರೀ ಸುಟ್ಟ ನೋರಿ ಕೊಳ್ಳಬೇಕು. ಅದರ ಪೊಟ್ಟಣದ ಮೇಲೂ, ಸೀಗಡಿ ಏಡಿಗಳು ಓಡಾಡುವ ನೀರಿನಲ್ಲಿ ಬೆಳೆದದ್ದು ಎಂಬ ಪ್ರಾಮಾಣಿಕ ಸೂಚನೆ ಅಚ್ಚಾಗಿರುತ್ತದೆ. ಅಷ್ಟಕ್ಕೂ ಹಿಂಜರಿಯುವವರಿಗೆ ಶಿಸೊ ಎಲೆಯಲ್ಲೋ ಲೆಟಿಸ್‌ನಲ್ಲೋ ಅನ್ನ ಸುತ್ತಿಕೊಳ್ಳುವ ದಾರಿ ಇದೆ.

ಕೈಸುರುಳಿ ಪಳಗಿದ ಮೇಲೆ ಬಿದಿರು ಚಾಪೆ. ಮಾಕಿಸು ಎನ್ನುವ ಈ ಪುಟ್ಟ ಚಾಪೆಯ ಚಪ್ಪಟೆ ಮೈ ಮೇಲಿರಬೇಕು. ದಪ್ಪ ಸುರುಳಿಗೆ ಪೂರ್ತಿ ನೋರಿ, ಸುಮಾರು 250 ಗ್ರಾಂ ಅನ್ನ. ಆಚೆ ಅಂಚಿನಲ್ಲಿ ಎರಡು ಮೂರು ಸೆಂ.ಮೀ. ಖಾಲಿ. ವಿನೆಗರ್ ಬೆರೆಸಿದ ನೀರಿಗೆ ಬೆರಳು ಅದ್ದುತ್ತ, ಕಾಳು ಜಜ್ಜದಂತೆ ಹರವಬೇಕು. ಮೊದಲ ಸಲದವರು ಅನ್ನ ಹೆಚ್ಚು ಹಾಕುತ್ತಾರೆ, ನಡುವೆ ತೆಳ್ಳಗೆ ಬಿಟ್ಟು ಅಂಚಿಗೆ ಗುಡ್ಡೆ ಹಾಕುತ್ತಾರೆ. ಹೋಳುಗಳನ್ನು ನಡುವಿನಿಂದ ತುಸು ಈಚೆಗೆ ಜೋಡಿಸಿ ಬೆರಳುಗಳಿಂದ ಒತ್ತಿಹಿಡಿದು, ಹೆಬ್ಬೆರಳಿನಿಂದ ಚಾಪೆ ಎತ್ತಿ, ಈಚೆಯ ಅನ್ನದಂಚು ಆಚೆಯ ಅನ್ನದಂಚಿಗೆ ತಾಗುವಂತೆ ಒಂದೇ ಬೀಸಿಗೆ ದಾಟಿಸಬೇಕು. ಅನುಮಾನಿಸುತ್ತ ಇಂಚಿಂಚೇ ಉರುಳಿಸಿದರೆ ಒಳಗಿನದು ಜಾರುತ್ತದೆ. ಆಮೇಲೆ ಬಿಗಿದು, ಐದು ನಿಮಿಷ ಅಂಚು ಸೇರಿದ ಕಡೆ ಕೆಳಗಾಗಿ ಮಲಗಿಸಿ, ಒದ್ದೆಬಟ್ಟೆಯಲ್ಲಿ ಪ್ರತಿ ಸಲ ಒರೆಸಿದ ಚೂರಿಯಿಂದ ಎಳೆದು ಕೊಯ್ಯಬೇಕು.

ಈ ದಪ್ಪ ಸುರುಳಿಯನ್ನು ಕಲೆಯ ಮಟ್ಟಕ್ಕೆ ಒಯ್ದವರು ಟೋಕಿಯೋ ಕೊಲ್ಲಿಯ ಆಚೆ, ಚಿಬಾ ಪ್ರಾಂತ್ಯದ ಬೋಸೊ ಪರ್ಯಾಯ ದ್ವೀಪದ ರೈತಮನೆಗಳ ಹೆಂಗಸರು. ಮದುವೆ, ಹಬ್ಬ, ಸಾವಿನ ಮನೆ, ಊರು ಸೇರಿದಲ್ಲೆಲ್ಲ ಸುರುಳಿ. ಕುಯ್ದರೆ ಒಳಗೆ ಚಿತ್ರ: ಕ್ಯಾಮೆಲಿಯಾ ಹೂ, ಪೀಚ್ ಹೂ, ಬಸವನಹುಳು, ಮಂಗಳಾಕ್ಷರ. ಬಣ್ಣ ಹಚ್ಚಿದ ಅನ್ನದ ಸಣ್ಣ ಸಣ್ಣ ಸುರುಳಿಗಳನ್ನು ಹೊಂದಿಸಿ, ಮೊಟ್ಟೆಯ ತೆಳು ಹಾಳೆಯಲ್ಲೋ ನೋರಿಯಲ್ಲೋ ಒಟ್ಟು ಸುತ್ತುತ್ತಾರೆ. ಹೂವಿನ ಎಸಳು ಮೊದಲು ಅಡ್ಡಡ್ಡ ಕಂಬಿಗಳಾಗಿ ತಲೆಯಲ್ಲಿ ಮೂಡಬೇಕು. ಕೊಯ್ಯುವವರೆಗೆ ಸುತ್ತಿದಾಕೆಗೂ ಒಳಗಿನದು ಕಾಣದು. ಅಕ್ಕಪಕ್ಕದವರು ಒಟ್ಟಿಗೆ ಕೂತು ಮಾಡುವಾಗ ನೋಡಿ ಕಲಿತದ್ದೇ ಪಾಠ. 2007ರಲ್ಲಿ ಜಪಾನಿನ ಕೃಷಿ ಇಲಾಖೆಯವರು ಗ್ರಾಮೀಣ ಅಡುಗೆಗಳ ಪಟ್ಟಿ ಮಾಡಿಸಿದಾಗ ಚಿಬಾದಿಂದ ಇದೂ ಆಯ್ಕೆಯಾಯಿತು. ಗಿಂಝಾದ ಕಟ್ಟೆಯ ಹಿಂದಿನ ಗಂಡಸರಿಗೆ ಸಿಕ್ಕಿದ ಕೀರ್ತಿಯ ನೂರನೆಯ ಒಂದು ಪಾಲೂ ಇವರಿಗೆ ಸಿಕ್ಕಿಲ್ಲ ಎಂಬುದು ನನ್ನ ತಕರಾರು.

ವ್ಯಾಪಾರಕ್ಕೆ ಸಿಕ್ಕಿ ಹಾಕಿಕೊಂಡ ಮನೆಸುರುಳಿಯೂ ಒಂದಿದೆ. ಚಳಿಗಾಲ ಕಳೆಯುವ ಸೆತ್ಸುಬುನ್ ದಿನ, ಫೆಬ್ರುವರಿ 3ರ ಆಸುಪಾಸು, ಆ ವರ್ಷದ ಶುಭದಿಕ್ಕಿಗೆ ಮುಖ ಮಾಡಿ ಇಡೀ ದಪ್ಪ ಸುರುಳಿಯನ್ನು ಕೊಯ್ಯದೆ, ಮಾತಾಡದೆ ತಿಂದು ಮುಗಿಸಬೇಕು. ಮಾತಾಡಿದರೆ ಅದೃಷ್ಟ ಹೋಯಿತು. ಅಪ್ಪ, ಅಮ್ಮ, ಮಕ್ಕಳು ಸಾಲಾಗಿ ಒಂದೇ ಗೋಡೆಗೆ ತಿರುಗಿ ನಿಂತು ಮೆಲ್ಲುವ ದೃಶ್ಯಕ್ಕೆ ನಗು ತಡೆದುಕೊಳ್ಳುವುದೇ ಕಷ್ಟ. ಒಸಾಕಾ ಕಡೆಯ ಈ ಪದ್ಧತಿಗೆ ಎಹೋಮಾಕಿ ಎಂಬ ಹೆಸರು ಹಚ್ಚಿ 1989ರಲ್ಲಿ ಹಿರೋಶಿಮಾದಲ್ಲಿ ಮಾರಾಟಕ್ಕಿಟ್ಟದ್ದು ಸೆವೆನ್ ಇಲೆವೆನ್ ಅಂಗಡಿ. 1998ಕ್ಕೆ ದೇಶದ ತುಂಬ. ಮಾರಾಟವಾಗದೆ ಉಳಿದ ಸುರುಳಿಗಳ ರಾಶಿ ತಿಪ್ಪೆಗೆ ಹೋಗುವುದು ಎಷ್ಟು ಹೆಚ್ಚಿತೆಂದರೆ, 2019ರಲ್ಲಿ ಸರ್ಕಾರವೇ ಬೇಡಿಕೆ ನೋಡಿ ಮಾಡಿ ಎಂದು ಅಂಗಡಿಗಳಿಗೆ ಹೇಳಬೇಕಾಯಿತು. ಆ ದಿನ ಮನೆಯಲ್ಲೇ ಸುತ್ತಿಕೊಳ್ಳುವವರಿಗೆ ಒಂದು ಮಾಹಿತಿ: 2026ರ ದಿಕ್ಕು ದಕ್ಷಿಣ ಆಗ್ನೇಯ, 2027ರದು ಉತ್ತರ ವಾಯವ್ಯ.

ಕಡಲಾಚೆಯ ಕತೆ ಬಹಳ ಸಲ ಹೇಳಿದ್ದು. ಲಾಸ್ ಏಂಜಲೀಸ್‌ನ ಟೋಕಿಯೋ ಕೈಕಾನ್ ಹೋಟೆಲಿನಲ್ಲಿ ಆವಕಾಡೊ, ಏಡಿ ಸೇರಿ ಕ್ಯಾಲಿಫೋರ್ನಿಯಾ ರೋಲ್ ಆಯಿತು. ಅಲ್ಲ, ನಾನೇ ಮಾಡಿದ್ದು ಎಂದು ವ್ಯಾಂಕೂವರ್‌ನ ಹಿದೆಕಾಝು ತೊಜೊ ಹೇಳಿಕೊಳ್ಳುತ್ತಾರೆ. ಕಪ್ಪು ಹಾಳೆ ಕಂಡರೆ ಮುಖ ಸಿಂಡರಿಸುವವರಿಗಾಗಿ ನೋರಿಯನ್ನು ಒಳಗಡಗಿಸಿ ಅನ್ನ ಹೊರಗಿಟ್ಟರು. ಮನೆಯಲ್ಲಿ ಅದನ್ನು ಮಾಡುವುದಾದರೆ ಚಾಪೆಗೆ ಪ್ಲಾಸ್ಟಿಕ್ ಹಾಳೆ ಹೊದಿಸಿ. ನನಗಂತೂ ಗರಿಗರಿ ನೋರಿಯನ್ನು ಒದ್ದೆ ಅನ್ನದೊಳಗೆ ಹೂಳುವುದು ಒಪ್ಪಿಗೆಯಿಲ್ಲ.

ಕಡೆಗೆ ಅಳತೆಯ ಪ್ರಶ್ನೆ, ಏಕೆಂದರೆ ಎಲ್ಲರೂ ಕೇಳುವುದು ಅದನ್ನೇ. ಯುದ್ಧದ ನಂತರ ಅಕ್ಕಿ ರೇಷನ್ನಿನಲ್ಲಿದ್ದಾಗ, 1947ರಲ್ಲಿ, ಜಪಾನಿನಲ್ಲಿ ಹೋಟೆಲುಗಳಿಗೆ ನಿರ್ಬಂಧ ಬಿತ್ತು. ಸುಶಿ ಅಂಗಡಿಯವರು ಉಪಾಯ ಹೂಡಿ ಸರ್ಕಾರವನ್ನು ಒಪ್ಪಿಸಿದರು: ಗಿರಾಕಿಯೇ ಮನೆಯಿಂದ ಒಂದು ಗೋ, ಅಂದರೆ 150 ಗ್ರಾಂನಷ್ಟು ಅಕ್ಕಿ ತರಬೇಕು, ಕೂಲಿ ಪಡೆದು ಹತ್ತು ತುಂಡು ಸುಶಿ ಮಾಡಿಕೊಡಬೇಕು. ಒಬ್ಬರ ಪಾಲು ಹತ್ತು ತುಂಡು ಎಂಬ ರೂಢಿ ಅಲ್ಲಿಂದ ಬಂದದ್ದು. ಮನೆಯಲ್ಲಿ ಮಕ್ಕಳೂ ಇರುವುದರಿಂದ ನಾಲ್ವರಿಗೆ ಮೂರು ಗೋ ಸಾಕು, ನೋರಿ ಹತ್ತು ಪೂರ್ತಿ ಹಾಳೆ, ನಾಲ್ಕಾಗಿ ಕತ್ತರಿಸಿದರೆ ನಲವತ್ತು ಸುರುಳಿ. ಎರಡು ಹಾಳೆ ಹೆಚ್ಚಿಗೆ ಇಟ್ಟುಕೊಳ್ಳಿ, ಮಕ್ಕಳು ಬರೀ ನೋರಿಯನ್ನೇ ತಿಂದು ಮುಗಿಸುವುದುಂಟು. ಅನ್ನ ಉಳಿದರೆ ತೋಫು ಚೀಲಕ್ಕೆ ತುಂಬಿ ಇನಾರಿ ಮಾಡಿಡುತ್ತಾರೆ. ಅದನ್ನು ಆ ರಾತ್ರಿ ಫ್ರಿಜ್ಜಿಗಿಡದೆ ಬಾಳಿಸಲು ನಮ್ಮ ಸೆಖೆ ಬಿಡುವುದಿಲ್ಲ, ಆದ್ದರಿಂದ ಇಲ್ಲಿ ಮಾಡುವವರು ಅಕ್ಕಿಯನ್ನು ಒಂದು ಹಿಡಿ ಕಡಿಮೆಯೇ ಹಾಕಲಿ.